ಬ್ಯಾಂಕಿನ ಕಟ್ಟಡವೂ ಠೇವಣಿದಾರನ ಹಣವೂ

ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಪ್ರಯಾಣ ಮಾಡುವವರ ಕಣ್ಣಿಗೆ ಬ್ಯಾಂಕುಗಳ ನಾಮಫಲಕಗಳು ಬೀಳದೆ ಇರುವುದಿಲ್ಲ. ಆರ್.ಟಿ. ನಗರದ ಬೀದಿಗಳಲ್ಲಿಯೂ ಯಶವಂತಪುರದ ಮಾರುಕಟ್ಟೆಯ ಸುತ್ತಲಲ್ಲಿಯೂ ಇದೇ ನೋಟ. ಗಾಜಿನ ಮುಂಭಾಗ, ನುಣುಪಾದ ನೆಲ, ಒಳಗೆ ತಂಪಾದ ಗಾಳಿ. ಹೀಗೆ ಸಜ್ಜುಗೊಂಡ ಶಾಖೆಯನ್ನು ಹೊಕ್ಕ ಠೇವಣಿದಾರನ ಮನಸ್ಸಿನಲ್ಲಿ ಎರಡು ಭಾವನೆಗಳು ಹುಟ್ಟಬಹುದು. ‘ಇಷ್ಟು ಭದ್ರವಾದ ಕಟ್ಟಡವುಳ್ಳ ಬ್ಯಾಂಕಿನಲ್ಲಿ ನಮ್ಮ ಹಣವೂ ಭದ್ರವಾಗಿಯೇ ಇರಬೇಕು’ ಎಂಬುದು ಒಂದು. ‘ಈ ವೈಭವವೆಲ್ಲ ಯಾರ ಹಣದಿಂದ ಬಂದಿತು?’ ಎಂಬುದು ಇನ್ನೊಂದು. ಮೊದಲನೆಯ ಭಾವನೆ ಸಹಜವಾದುದು, ಆದರೆ ಅದಕ್ಕೆ ಆಧಾರವಿಲ್ಲ. ಎರಡನೆಯದು ಕೇಳತಕ್ಕ ಪ್ರಶ್ನೆ. ಅದಕ್ಕೆ ಉತ್ತರವನ್ನು ಕಂಡುಕೊಳ್ಳುವ ಬಗೆಯೇ ಇಂದಿನ ಭಾಷಣದ ವಿಷಯ.

ಇದು ಕೇವಲ ಕುತೂಹಲದ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ನಿವೃತ್ತರಾದ ಒಬ್ಬ ಉಪಾಧ್ಯಾಯರು ಮೂವತ್ತು ವರ್ಷ ಕೂಡಿಟ್ಟ ಹಣವನ್ನು, ಬಡ್ಡಿ ಅರ್ಧ ಶೇಕಡ ಹೆಚ್ಚು ಎಂಬ ಕಾರಣಕ್ಕಾಗಿ, ಒಂದು ಬ್ಯಾಂಕಿನಲ್ಲಿ ಇಟ್ಟಿರುತ್ತಾರೆ. ಆ ಬ್ಯಾಂಕು ಕಷ್ಟಕ್ಕೆ ಸಿಕ್ಕಿದ ದಿನ ಅವರ ಗತಿಯೇನು? 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ವ್ಯವಹಾರಕ್ಕೆ ರಿಜರ್ವ್ ಬ್ಯಾಂಕು ಕಡಿವಾಣ ಹಾಕಿ, ಠೇವಣಿದಾರರು 35,000 ರೂಪಾಯಿಗೆ ಮೀರಿ ಹಣ ತೆಗೆಯಕೂಡದೆಂದು ಆಜ್ಞೆ ಮಾಡಿದುದನ್ನು ನಮ್ಮ ನಗರದ ಜನ ಮರೆತಿಲ್ಲ. ಅಲ್ಲಿ ತೊಡಕು ಬಂದದ್ದು ಸಾಲಗಳ ದೆಸೆಯಿಂದ, ಕಟ್ಟಡಗಳ ದೆಸೆಯಿಂದಲ್ಲ. ಆದರೂ ಬ್ಯಾಂಕಿನ ಲೆಕ್ಕಪತ್ರವನ್ನು ಓದಲು ಕಲಿಯುವುದು ಠೇವಣಿದಾರನ ಕೆಲಸವೇ ಹೊರತು ಪಂಡಿತರ ಕೆಲಸ ಮಾತ್ರವಲ್ಲವೆಂಬ ಪಾಠವನ್ನು ಆ ಘಟನೆ ಕಲಿಸಿತು.

ವ್ಯಾಪಾರ ಸಂಸ್ಥೆಗಳ ಆರೋಗ್ಯವನ್ನು ಪರೀಕ್ಷಿಸುವವರು ಬಳಸುವ ಅಳತೆಗಳಲ್ಲಿ ಒಂದು ಇದು: ಸಂಸ್ಥೆಯು ಒಂದು ವರ್ಷದಲ್ಲಿ ಕಟ್ಟಡ, ಯಂತ್ರ, ಉಪಕರಣ ಮುಂತಾದ ಬಹುಕಾಲ ಬಾಳುವ ವಸ್ತುಗಳಿಗಾಗಿ ಮಾಡಿದ ವೆಚ್ಚವನ್ನು, ಅದೇ ವರ್ಷದಲ್ಲಿ ತನ್ನ ವ್ಯವಹಾರದಿಂದ ಕೈಗೆ ಬಂದ ನಗದು ಹಣದೊಂದಿಗೆ ಹೋಲಿಸುವುದು. ಮೊದಲನೆಯದನ್ನು ಬಂಡವಾಳ ವೆಚ್ಚವೆನ್ನೋಣ. ಎರಡನೆಯದನ್ನು ವ್ಯವಹಾರದ ನಗದು ಎನ್ನೋಣ. ನೂರು ರೂಪಾಯಿ ನಗದು ಬಂದಾಗ ಅರವತ್ತು ರೂಪಾಯಿಯನ್ನು ಯಂತ್ರಗಳಿಗೆ ಹಾಕಿದರೆ, ಈ ಪ್ರಮಾಣ ಶೇಕಡ 60. ಉಳಿದ ನಲವತ್ತರಲ್ಲಿ ಹಳೆಯ ಸಾಲವನ್ನು ತೀರಿಸಬಹುದು. ಷೇರುದಾರರಿಗೆ ಲಾಭಾಂಶ ಕೊಡಬಹುದು. ನೂರು ಬಂದಾಗ ನೂರಮೂವತ್ತು ವೆಚ್ಚವಾದರೆ ಮೂವತ್ತನ್ನು ಹೊರಗಿನಿಂದ ತರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ ಮಾತಿನ ಅಂಕಗಣಿತವೇ ಇದು.

ಈ ಅಳತೆ ಕಾರ್ಖಾನೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಯಲಹಂಕದಲ್ಲಿ 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯನ್ನು ಅನೇಕರು ನೋಡಿರಬಹುದು. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಅಚ್ಚಿಗೆ ಎರೆದು, ಅಲ್ಲಿ ಗಾಲಿಗಳನ್ನು ಮಾಡುತ್ತಾರೆ. ಅದು ರೈಲ್ವೆಯ ಸ್ವತ್ತಾದುದರಿಂದ ಅದರ ಲೆಕ್ಕದ ಕ್ರಮ ಬೇರೆ. ಅಂಥದೇ ಒಂದು ಕಾರ್ಖಾನೆ ಖಾಸಗಿಯವರದೆಂದು ಊಹಿಸಿಕೊಳ್ಳೋಣ. ಗಾಲಿಯನ್ನು ಮಾರಿದ ಹಣ ಬರುತ್ತದೆ, ಉಕ್ಕಿಗೆ, ವಿದ್ಯುತ್ತಿಗೆ, ಕೂಲಿಗೆ, ತೆರಿಗೆಗೆ ಹಣ ಹೋಗುತ್ತದೆ, ಉಳಿದದ್ದು ಕಾರ್ಖಾನೆಯದೇ. ಮಾರಿದ ಗಾಲಿಯ ಬೆಲೆಯನ್ನು ಕೊಂಡವನು ನಾಳೆ ಬಂದು ಹಿಂದಕ್ಕೆ ಕೇಳುವುದಿಲ್ಲ. ಆದುದರಿಂದ ಆ ಹಣದಿಂದ ಹೊಸ ಕುಲುಮೆಯನ್ನು ಕೊಳ್ಳುವುದು ಯುಕ್ತವಾದ ಕಾರ್ಯವೇ ಆಗಿದೆ.

ಇನ್ನು ಯಶವಂತಪುರದ ಕೃಷಿ ಮಾರುಕಟ್ಟೆಗೆ ಬರೋಣ. ಅಲ್ಲಿಯ ಮಂಡಿಯೊಂದರಲ್ಲಿ ಒಬ್ಬ ವರ್ತಕನು ರೈತರ ಪರವಾಗಿ ಒಂದು ಬೆಳಿಗ್ಗೆ ಹತ್ತು ಲಕ್ಷ ರೂಪಾಯಿಯ ಈರುಳ್ಳಿಯನ್ನು ಮಾರಿದನೆಂದೂ, ಅದರಲ್ಲಿ ಅವನಿಗೆ ಸಲ್ಲತಕ್ಕ ದಲಾಲಿ ಐವತ್ತು ಸಾವಿರವೆಂದೂ ಭಾವಿಸೋಣ. ಮಧ್ಯಾಹ್ನ ಅವನ ಪೆಟ್ಟಿಗೆಯಲ್ಲಿ ಹತ್ತು ಲಕ್ಷವಿದೆ. ಪೆಟ್ಟಿಗೆ ತುಂಬಿದೆಯೆಂದು ಹಿಗ್ಗಿ, ಎರಡು ಲಕ್ಷವನ್ನು ಕೊಟ್ಟು ಹೊಸ ಗಾಡಿಯನ್ನು ಕೊಂಡರೆ ಅವನು, ‘ಕೈಗೆ ಬಂದ ಹಣದಲ್ಲಿ ಐದರಲ್ಲೊಂದು ಪಾಲನ್ನು ಮಾತ್ರ ವೆಚ್ಚ ಮಾಡಿದೆ’ ಎಂದು ಹೇಳಿಕೊಳ್ಳಬಹುದು. ಲೆಕ್ಕ ಸರಿ. ಆದರೆ ಸಂಜೆ ರೈತರು ತಮ್ಮ ಹಣಕ್ಕಾಗಿ ಬಂದಾಗ ಒಂದೂವರೆ ಲಕ್ಷ ಕಡಮೆ ಬೀಳುತ್ತದೆ. ಅವನು ಗಾಡಿಯ ಬೆಲೆಯನ್ನು ಹೋಲಿಸಬೇಕಾಗಿದ್ದುದು ಪೆಟ್ಟಿಗೆಯ ಹಣದೊಂದಿಗಲ್ಲ, ದಲಾಲಿಯೊಂದಿಗೆ.

ಬ್ಯಾಂಕು ಗಾಲಿ ಕಾರ್ಖಾನೆಯಂತಲ್ಲ, ಈ ಮಂಡಿಯಂತೆ. ನಾವು ಹೇಳಬೇಕಾದ ಮಾತಿನ ತಿರುಳು ಇಷ್ಟೆ. ಬ್ಯಾಂಕಿನ ಪೆಟ್ಟಿಗೆಯಲ್ಲಿರುವ ಹಣದಲ್ಲಿ ಬಹುಭಾಗ ಠೇವಣಿದಾರರದು. ಬ್ಯಾಂಕಿಗೆ ಸೇರಿದ್ದು, ತಾನು ವಸೂಲುಮಾಡುವ ಬಡ್ಡಿಗೂ ತಾನು ಕೊಡುವ ಬಡ್ಡಿಗೂ ಇರುವ ಅಂತರ, ಮತ್ತು ಸೇವೆಗಳಿಗಾಗಿ ಪಡೆಯುವ ಶುಲ್ಕ. ಅದರಲ್ಲಿಯೂ ಸಂಬಳ, ಬಾಡಿಗೆ, ತೆರಿಗೆ, ಬಾರದ ಸಾಲದ ನಷ್ಟ ಇವೆಲ್ಲ ಕಳೆದು ಉಳಿದದ್ದು ಮಾತ್ರ.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ದೇಶದಲ್ಲಿ ನಗದು ಹರಿವಿನ ತಖ್ತೆಯನ್ನು ಬರೆಯುವ ಕ್ರಮವನ್ನು 1997ರಲ್ಲಿ ಪರಿಷ್ಕೃತವಾದ ಮೂರನೆಯ ಲೆಕ್ಕಪತ್ರ ಮಾನಕವು ನಿರ್ದೇಶಿಸಿತು. ಆ ತಖ್ತೆಯಲ್ಲಿ ಮೂರು ಭಾಗಗಳುಂಟು: ವ್ಯವಹಾರ, ಹೂಡಿಕೆ, ಹಣ ಸಂಗ್ರಹ. ಕಾರ್ಖಾನೆಯೊಂದು ಸಾಲ ತಂದರೆ ಅದು ಮೂರನೆಯ ಭಾಗಕ್ಕೆ ಸೇರುತ್ತದೆ. ವ್ಯವಹಾರದ ನಗದಿನೊಳಗೆ ಬೆರೆಯುವುದಿಲ್ಲ. ಬ್ಯಾಂಕಿನ ವಿಷಯದಲ್ಲಾದರೋ ಠೇವಣಿ ಪಡೆಯುವುದೂ ಸಾಲ ಕೊಡುವುದೂ ಅದರ ನಿತ್ಯದ ವ್ಯವಹಾರವೇ ಆಗಿರುವುದರಿಂದ, ಠೇವಣಿಯ ಏರಿಕೆಯೂ ಸಾಲದ ಏರಿಕೆಯೂ ಮೊದಲನೆಯ ಭಾಗದಲ್ಲಿಯೇ ಸೇರುತ್ತವೆ. ಇದರಲ್ಲಿ ಲೆಕ್ಕ ಬರೆದವರ ತಪ್ಪೇನೂ ಇಲ್ಲ, ನಿಯಮವು ನ್ಯಾಯವಾದುದೇ. ಹಾಗೆ ಬಂದ ಮೊತ್ತವನ್ನು ಕಾರ್ಖಾನೆಯ ಮೊತ್ತದಂತೆಯೇ ಭಾವಿಸಿ ಕಟ್ಟಡದ ವೆಚ್ಚವನ್ನು ಅದರಿಂದ ಭಾಗಿಸುವುದು ಓದುವವರ ತಪ್ಪು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕೈಯಲ್ಲಿ ಕಾಗದ ಪೆನ್ಸಿಲು ಇದ್ದರೆ ಒಳ್ಳೆಯದು. ಇದು ಯಾವ ನಿಜವಾದ ಬ್ಯಾಂಕಿನ ಲೆಕ್ಕವೂ ಅಲ್ಲ. ನಾವು ಊಹಿಸಿಕೊಂಡ ಒಂದು ಪ್ರಾಂತೀಯ ಬ್ಯಾಂಕಿನದು. ಅಂಕಿಗಳೆಲ್ಲ ಕೋಟಿ ರೂಪಾಯಿಗಳಲ್ಲಿವೆ.

ಮೊದಲನೆಯ ವರ್ಷ ತೆರಿಗೆಗೆ ಮುಂಚೆ ಲಾಭ 180. ಈ ಲಾಭವನ್ನು ಕಂಡುಹಿಡಿಯುವಾಗ ಕಟ್ಟಡ ಉಪಕರಣಗಳ ಸವಕಳಿಯೆಂದು 20ನ್ನೂ, ಬಾರದ ಸಾಲಕ್ಕಾಗಿ ತೆಗೆದಿರಿಸಿದ್ದೆಂದು 60ನ್ನೂ ಕಳೆದಿದ್ದಾರೆ. ಆ ವರ್ಷ ಇವೆರಡೂ ಪೆಟ್ಟಿಗೆಯಿಂದ ಹೊರಗೆ ಹೋದ ಹಣವಲ್ಲವಾದುದರಿಂದ ತಖ್ತೆಯಲ್ಲಿ ಅವನ್ನು ಮತ್ತೆ ಕೂಡಿಸುತ್ತಾರೆ, 260 ಆಯಿತು. ಠೇವಣಿಗಳು 2,000 ಹೆಚ್ಚಿದುವು. ಸಾಲಗಳು 1,200 ಹೆಚ್ಚಿದುವು. ಸರ್ಕಾರಿ ಸಾಲಪತ್ರಗಳಲ್ಲಿ 500 ಹೂಡಿಕೆಯಾಯಿತು. ನಿವ್ವಳ ಒಳಹರಿವು 300. ತೆರಿಗೆ 50. ಎಲ್ಲವನ್ನೂ ಸೇರಿಸಿದರೆ ವ್ಯವಹಾರದ ನಗದು 510. ಕಟ್ಟಡ, ಉಪಕರಣ, ಗಣಕಯಂತ್ರಗಳಿಗೆ ವೆಚ್ಚವಾದದ್ದು 51. ಪ್ರಮಾಣ ಶೇಕಡ 10.

ಎರಡನೆಯ ವರ್ಷ ಲಾಭ, ಸವಕಳಿ, ತೆರಿಗೆ, ಬಂಡವಾಳ ವೆಚ್ಚ ಎಲ್ಲವೂ ಹಿಂದಿನಂತೆಯೇ. ಆದರೆ ಠೇವಣಿಗಳು 1,200 ಮಾತ್ರ ಹೆಚ್ಚಿದುವು. ಒಳ್ಳೆಯ ಸಾಲಗಾರರು ದೊರೆತುದರಿಂದ ಸಾಲಗಳು 1,500 ಹೆಚ್ಚಿದುವು. ಸಾಲಪತ್ರಗಳಿಗೆ 100 ಹೋಯಿತು. ನಿವ್ವಳ 400 ಹೊರಗೆ ಹರಿಯಿತು. ಆದುದರಿಂದ ವ್ಯವಹಾರದ ನಗದು ಸೊನ್ನೆಗಿಂತ 190 ಕೆಳಗೆ. ಈಗ 51ನ್ನು ಯಾವುದರಿಂದ ಭಾಗಿಸುವುದು? ಪ್ರಮಾಣಕ್ಕೆ ಅರ್ಥವೇ ಉಳಿಯಲಿಲ್ಲ. ಆದರೂ ಬ್ಯಾಂಕಿನ ಗಳಿಕೆ ಒಂದು ಪೈಸೆಯಷ್ಟೂ ತಗ್ಗಿಲ್ಲ. ಅದು ತನ್ನ ಕೆಲಸವಾದ ಸಾಲ ಕೊಡುವುದನ್ನು ಹೆಚ್ಚು ಮಾಡಿತು, ಅಷ್ಟೆ.

ಮೂರನೆಯ ವರ್ಷ ಸಾಲಗಳು ಕೆಡತೊಡಗಿದುವು. ಬಾರದ ಸಾಲಕ್ಕೆ 100 ತೆಗೆದಿರಿಸಿ, 20 ಸವಕಳಿಯನ್ನು ಕಳೆದಮೇಲೆ ಲಾಭ 40ಕ್ಕೆ ಇಳಿಯಿತು. ಅವೆರಡನ್ನೂ ಮತ್ತೆ ಕೂಡಿಸಿದರೆ 160. ಬ್ಯಾಂಕು ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಠೇವಣಿಗಳನ್ನು ಸೆಳೆಯಿತು, 3,000 ಬಂದಿತು. ಸಾಲಕ್ಕೆ 800, ಸಾಲಪತ್ರಗಳಿಗೆ 200 ಹೋಗಿ, 2,000 ಒಳಗೆ ಉಳಿಯಿತು. ತೆರಿಗೆ 10. ವ್ಯವಹಾರದ ನಗದು 2,150! ಅದೇ ವರ್ಷ ಆಡಳಿತದವರು ದೊಡ್ಡದೊಂದು ಮುಖ್ಯ ಕಚೇರಿಯನ್ನು ಕಟ್ಟಿಸಿದರು. ಬಂಡವಾಳ ವೆಚ್ಚ 215. ಪ್ರಮಾಣ ಪುನಃ ಶೇಕಡ 10.

ಗಳಿಕೆ ಕುಸಿದಿದೆ, ವೆಚ್ಚ ನಾಲ್ಕು ಪಾಲಿಗೂ ಹೆಚ್ಚಾಗಿದೆ, ಬ್ಯಾಂಕು ಅಪಾಯದ ಕಡೆಗೆ ಸರಿದಿದೆ. ಅಳತೆಗೋಲು ಮಾತ್ರ ಮೊದಲನೆಯ ವರ್ಷ ತೋರಿಸಿದ ಅಂಕಿಯನ್ನೇ ತೋರಿಸುತ್ತಿದೆ. ಆರೋಗ್ಯವಂತವಾದ ಎರಡನೆಯ ವರ್ಷದಲ್ಲಿ ಅದೇ ಕೋಲು ಕೆಲಸಕ್ಕೇ ಬಾರದೆ ಹೋಯಿತು. ಇಂಥ ಕೋಲನ್ನು ನಂಬಿ ಯಾರೂ ಹಣವಿಡಬಾರದು.

ಹಾಗಾದರೆ ಸರಿಯಾದ ಅಳತೆ ಯಾವುದು? ಮಂಡಿಯ ವರ್ತಕನ ದಲಾಲಿಗೆ ಸಮನಾದ ಮೊತ್ತವನ್ನು ಬ್ಯಾಂಕಿನಲ್ಲಿ ಕಂಡುಹಿಡಿಯಬೇಕು. ತೆರಿಗೆಗೆ ಮುಂಚಿನ ಲಾಭಕ್ಕೆ ಸವಕಳಿಯನ್ನು ಮಾತ್ರ ಕೂಡಿಸಿ, ತೆರಿಗೆಯನ್ನು ಕಳೆಯಿರಿ. ಇದನ್ನು ಬ್ಯಾಂಕಿನ ಸ್ವಂತ ಗಳಿಕೆಯೆನ್ನೋಣ. ಸವಕಳಿಯನ್ನು ಕೂಡಿಸಿ, ಬಾರದ ಸಾಲಕ್ಕಾಗಿ ತೆಗೆದಿರಿಸಿದ್ದನ್ನು ಏಕೆ ಕೂಡಿಸಬಾರದು ಎಂದು ಕೇಳಬಹುದು. ಕಟ್ಟಡದ ವೆಚ್ಚವನ್ನೇ ನಾವು ಎದುರಿನ ತಟ್ಟೆಯಲ್ಲಿಟ್ಟು ತೂಗುತ್ತಿರುವುದರಿಂದ, ಅದರ ಸವಕಳಿಯನ್ನೂ ಕಳೆದರೆ ಒಂದೇ ವೆಚ್ಚವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಕೊಟ್ಟ ಸಾಲದ ಹಣವನ್ನಾದರೋ ನಾವು ಈ ಲೆಕ್ಕದಿಂದ ಹೊರಗಿಟ್ಟಿದ್ದೇವೆ. ಅದು ಮುಳುಗಿದಾಗ ಆ ನಷ್ಟವನ್ನು ಇಲ್ಲಿಯೂ ಕಳೆಯದಿದ್ದರೆ ಎಲ್ಲಿಯೂ ಕಳೆದಂತಾಗುವುದಿಲ್ಲ. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎಂಬ ಗಾದೆಗೆ ಬ್ಯಾಂಕಿನಲ್ಲಿ ರೂಪಾಯಿಗಳ ಲೆಕ್ಕವುಂಟು, ಅದನ್ನು ಮರೆಯಲಾಗದು.

ಈ ರೀತಿಯಲ್ಲಿ ಎಣಿಸಿದರೆ ಮೊದಲನೆಯ ವರ್ಷದ ಸ್ವಂತ ಗಳಿಕೆ 150, ವೆಚ್ಚ 51, ಪ್ರಮಾಣ ಶೇಕಡ 34. ಎರಡನೆಯ ವರ್ಷವೂ 34. ಮೂರನೆಯ ವರ್ಷ ಸ್ವಂತ ಗಳಿಕೆ 50, ವೆಚ್ಚ 215, ಪ್ರಮಾಣ ಶೇಕಡ 430. ಈಗ ಅಳತೆಗೋಲು ನಿಜವನ್ನು ಹೇಳಿತು. ಮೊದಲನೆಯ ವರ್ಷ 40 ಕೋಟಿ ಲಾಭಾಂಶ ಕೊಟ್ಟಿದ್ದರೂ ಇನ್ನು 59 ಕೋಟಿ ಬ್ಯಾಂಕಿನ ಬಲಕ್ಕೆ ಸೇರುತ್ತಿತ್ತು. ಮೂರನೆಯ ವರ್ಷದಲ್ಲಿ ಕಟ್ಟಡಕ್ಕೆ 165 ಕೋಟಿ ಕಡಮೆ ಬಿದ್ದು, ಹೊಸ ಷೇರುಗಳನ್ನು ಮಾರದಿದ್ದ ಪಕ್ಷದಲ್ಲಿ, ಅದು ಹಿಂದಿನ ಮೀಸಲಿನಿಂದಲೋ ಠೇವಣಿಯ ಹಣದಿಂದಲೋ ಬರಬೇಕಾಯಿತು. ಆ 165 ಕೋಟಿ ಶೇಕಡ 7ರ ಠೇವಣಿಯಾಗಿದ್ದರೆ ಬ್ಯಾಂಕು ಅದಕ್ಕೆ ವರ್ಷಕ್ಕೆ 11 ಕೋಟಿ 55 ಲಕ್ಷ ಬಡ್ಡಿ ತೆರಬೇಕು. ಕಟ್ಟಡವೋ ಬಡ್ಡಿ ತರುವುದಿಲ್ಲ. ಠೇವಣಿದಾರರು ಒಂದೇ ದಿನ ಬಾಗಿಲಿಗೆ ಬಂದರೆ, ಸಾಲಪತ್ರಗಳನ್ನು ಮಾರಿ ಹಣ ಕೊಡಬಹುದು. ಗೋಡೆಯ ಇಟ್ಟಿಗೆಗಳನ್ನು ಕಿತ್ತು ಕೊಡಲಾಗುವುದಿಲ್ಲ.

ಒಂದೇ ವರ್ಷದ ಅಂಕಿಯಿಂದ ತೀರ್ಪು ಕೊಡುವುದೂ ನ್ಯಾಯವಲ್ಲ. ಕಟ್ಟಡದ ವೆಚ್ಚ ಗೊಂಚಲಾಗಿ ಬರುವಂಥದು. ಇಪ್ಪತ್ತು ವರ್ಷಕ್ಕೊಮ್ಮೆ ಮುಖ್ಯ ಕಚೇರಿ ಕಟ್ಟಬೇಕಾಗಬಹುದು. ಆದಕಾರಣ ಐದು ವರ್ಷಗಳ ಬಂಡವಾಳ ವೆಚ್ಚವನ್ನು ಕೂಡಿ, ಐದು ವರ್ಷಗಳ ಸ್ವಂತ ಗಳಿಕೆಯ ಮೊತ್ತದೊಂದಿಗೆ ಹೋಲಿಸುವುದು ಮೇಲು. ಅದರೊಡನೆ ಇನ್ನೊಂದು ಹೋಲಿಕೆಯನ್ನೂ ಮಾಡಬೇಕು: ಬ್ಯಾಂಕಿನ ಸ್ಥಿರಾಸ್ತಿಯ ಒಟ್ಟು ಬೆಲೆಯು ಅದರ ಷೇರು ಬಂಡವಾಳ ಮತ್ತು ಮೀಸಲು ನಿಧಿಗಳಲ್ಲಿ ಎಷ್ಟು ಪಾಲು? ಆ ಪಾಲು ವರ್ಷವರ್ಷಕ್ಕೆ ಬೆಳೆಯುತ್ತಿದ್ದರೆ, ನಷ್ಟವನ್ನು ತಾಳಿಕೊಳ್ಳಬೇಕಾದ ಬಲವೆಲ್ಲ ಕಲ್ಲು ಗಾರೆಗಳಲ್ಲಿ ಸಿಕ್ಕಿಕೊಳ್ಳುತ್ತಿದೆಯೆಂದು ತಿಳಿಯಬೇಕು.

ಅಂಕಿಗಳನ್ನು ಎಲ್ಲಿ ಹುಡುಕುವುದು ಎಂಬುದನ್ನೂ ಹೇಳಿಬಿಡೋಣ. ಬ್ಯಾಂಕುಗಳ ಅಢಾವೆ ಪತ್ರಿಕೆಗೆ ಕಾಯಿದೆಯೇ ಒಂದು ನಮೂನೆಯನ್ನು ಗೊತ್ತುಮಾಡಿದೆ. ಅದರ ಮೂರನೆಯ ಅನುಸೂಚಿಯಲ್ಲಿ ಠೇವಣಿಗಳು, ಒಂಬತ್ತನೆಯದರಲ್ಲಿ ಸಾಲಗಳು, ಹತ್ತನೆಯದರಲ್ಲಿ ಸ್ಥಿರಾಸ್ತಿ, ಹದಿನಾರನೆಯದರಲ್ಲಿ ಆಡಳಿತದ ವೆಚ್ಚಗಳು ಇರುತ್ತವೆ. ಬಂಡವಾಳ ವೆಚ್ಚವನ್ನು ಮಾತ್ರ ಹತ್ತನೆಯ ಅನುಸೂಚಿಯ ಏರಿಕೆಯಿಂದ ಊಹಿಸಬಾರದು. ನಗದು ಹರಿವಿನ ತಖ್ತೆಯ ಎರಡನೆಯ ಭಾಗದಲ್ಲಿ ‘ಸ್ಥಿರಾಸ್ತಿಯ ಖರೀದಿ’ ಎಂಬ ಸಾಲಿನಿಂದಲೇ ತೆಗೆದುಕೊಳ್ಳಬೇಕು. ಇದಕ್ಕೆ ಕಾರಣವುಂಟು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳ ನಿವೇಶನಗಳ ಬೆಲೆ ಏರಿದ ಬಗೆಯನ್ನು ಈ ಭಾಗದ ನಿವಾಸಿಗಳಿಗೆ ನಾವು ಹೇಳಬೇಕಾಗಿಲ್ಲ. ಹಿಂದೆ ಅಗ್ಗವಾಗಿ ಕೊಂಡ ನಿವೇಶನವೊಂದು ಬ್ಯಾಂಕಿಗಿದ್ದು, ಅದಕ್ಕೆ ಹೊಸದಾಗಿ ಬೆಲೆ ಕಟ್ಟಿಸಿದರೆ ಸ್ಥಿರಾಸ್ತಿಯ ಅಂಕಿ ಒಮ್ಮೆಲೇ ಉಬ್ಬುತ್ತದೆ. ಆದರೆ ಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೋಗಿಲ್ಲ. ಪೆಟ್ಟಿಗೆಗೆ ಒಂದು ರೂಪಾಯಿಯೂ ಬಂದಿಲ್ಲ. ಇದನ್ನು ವೆಚ್ಚವೆಂದೂ ಎಣಿಸಬಾರದು, ಗಳಿಕೆಯೆಂದೂ ಎಣಿಸಬಾರದು.

ಎರಡು ಬ್ಯಾಂಕುಗಳನ್ನು ಹೋಲಿಸುವಾಗ ಬಾಡಿಗೆಯ ವಿಚಾರವೂ ಮುಖ್ಯ. ಆರ್.ಟಿ. ನಗರದಂಥ ಬಡಾವಣೆಯಲ್ಲಿ ಒಂದು ಬ್ಯಾಂಕು ಸ್ವಂತ ಕಟ್ಟಡವನ್ನು ಕೊಳ್ಳಬಹುದು. ಇನ್ನೊಂದು ಯಾರದೋ ಮನೆಯ ನೆಲ ಅಂತಸ್ತನ್ನು ಬಾಡಿಗೆಗೆ ಹಿಡಿಯಬಹುದು. ಮೊದಲನೆಯದರ ಹಣ ಬಂಡವಾಳ ವೆಚ್ಚವಾಗಿ ಕಾಣುತ್ತದೆ. ಎರಡನೆಯದರದು ಹದಿನಾರನೆಯ ಅನುಸೂಚಿಯಲ್ಲಿ ‘ಬಾಡಿಗೆ, ತೆರಿಗೆ, ದೀಪ’ ಎಂಬ ಬಾಬಿನಲ್ಲಿ ಅಡಗಿರುತ್ತದೆ. ಬಂಡವಾಳ ವೆಚ್ಚ ಕಡಮೆಯೆಂಬ ಮಾತ್ರಕ್ಕೆ ಎರಡನೆಯ ಬ್ಯಾಂಕು ಮಿತವ್ಯಯಿಯೆಂದು ಹೊಗಳುವುದು ಸರಿಯಲ್ಲ. ಎರಡು ಬಾಬುಗಳನ್ನೂ ನೋಡಿಯೇ ಮಾತನಾಡಬೇಕು.

ಇಷ್ಟು ಹೇಳಿದುದರಿಂದ, ವೆಚ್ಚ ಮಾಡದ ಬ್ಯಾಂಕೇ ಉತ್ತಮ ಬ್ಯಾಂಕೆಂದು ಯಾರಾದರೂ ತಿಳಿದರೆ ಅದೂ ತಪ್ಪಾದೀತು. ಇಂದಿನ ಬ್ಯಾಂಕಿಗೆ ಭದ್ರವಾದ ಕೋಣೆಗಿಂತಲೂ ಭದ್ರವಾದ ಗಣಕ ವ್ಯವಸ್ಥೆ ಹೆಚ್ಚು ಅಗತ್ಯ. ಅದರಲ್ಲಿ ಜಿಪುಣತನ ಮಾಡಿದರೆ, ಅಥವಾ ಅದನ್ನು ಕಾಲಕಾಲಕ್ಕೆ ಬಲಪಡಿಸದಿದ್ದರೆ, ಬಾಧೆಪಡುವವರು ಗಿರಾಕಿಗಳೇ. ದೇಶದ ಅತಿ ದೊಡ್ಡ ಖಾಸಗಿ ಬ್ಯಾಂಕುಗಳಲ್ಲೊಂದಾದ ಎಚ್.ಡಿ.ಎಫ್.ಸಿ. ಬ್ಯಾಂಕಿನ ಗಣಕ ಸೇವೆಗಳು ಪದೇ ಪದೇ ನಿಂತುದರಿಂದ, 2020ರ ಡಿಸೆಂಬರಿನಲ್ಲಿ ರಿಜರ್ವ್ ಬ್ಯಾಂಕು ಅದರ ಹೊಸ ಕ್ರೆಡಿಟ್ ಕಾರ್ಡುಗಳನ್ನೂ ಹೊಸ ಗಣಕ ಯೋಜನೆಗಳನ್ನೂ ಕೆಲವು ಕಾಲ ತಡೆಹಿಡಿದಿತ್ತು. ಸವಕಳಿಯಾದಷ್ಟನ್ನೂ ವರ್ಷವರ್ಷವೂ ತುಂಬದೆ ಹೋಗುವ ಬ್ಯಾಂಕು ಹಳೆಯ ಮನೆಯಲ್ಲಿ ವಾಸಮಾಡುವವನಂತೆ. ಸೋರತೊಡಗಿದಮೇಲೆ ಮಾಡು ಹೊದಿಸುವ ಖರ್ಚು ಹೆಚ್ಚು.

ಠೇವಣಿದಾರನ ಹಣವೂ ಬ್ಯಾಂಕಿನ ಸ್ವಂತ ಹಣವೂ ಬೇರೆ ಬೇರೆಯೆಂಬ ತತ್ತ್ವವನ್ನು ನಮ್ಮ ಕಾನೂನೂ ಮನ್ನಿಸಿದೆ. 1949ರ ಬ್ಯಾಂಕಿಂಗ್ ಕಾಯಿದೆಯ ಒಂಬತ್ತನೆಯ ಪ್ರಕರಣದಂತೆ, ತನ್ನ ಉಪಯೋಗಕ್ಕೆ ಬೇಕಿಲ್ಲದ ಸ್ಥಿರಾಸ್ತಿಯನ್ನು ಬ್ಯಾಂಕು ಸಾಮಾನ್ಯವಾಗಿ ಏಳು ವರ್ಷಗಳಿಗೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಹದಿನೈದನೆಯ ಪ್ರಕರಣವು, ಕಣ್ಣಿಗೆ ಕಾಣುವ ಆಸ್ತಿಯಾಗಿ ಉಳಿಯದೆ ಬಂಡವಾಳದ ಲೆಕ್ಕದಲ್ಲಿ ಬರೆದಿಟ್ಟ ವೆಚ್ಚಗಳನ್ನು ತೊಡೆದುಹಾಕುವವರೆಗೆ ಲಾಭಾಂಶ ಕೊಡಕೂಡದೆಂದು ವಿಧಿಸಿತು. ಹದಿನೇಳನೆಯದು, ಲಾಭದಲ್ಲಿ ಶೇಕಡ 20ಕ್ಕೆ ಕಡಮೆಯಿಲ್ಲದಂತೆ ಮೀಸಲು ನಿಧಿಗೆ ಸೇರಿಸಬೇಕೆಂದು ಗೊತ್ತುಮಾಡಿತು. ಮೂರರ ಆಶಯವೂ ಒಂದೇ: ಬ್ಯಾಂಕು ಮೊದಲು ತನ್ನ ಬಲವನ್ನು ಬೆಳೆಸಿಕೊಳ್ಳಲಿ, ಆಮೇಲೆ ವೈಭವ.

ಈ ನಿಯಮಗಳು ಸುಮ್ಮನೆ ಹುಟ್ಟಲಿಲ್ಲ. 1938ರಲ್ಲಿ ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಬಾಗಿಲು ಹಾಕಿದಾಗ ದಕ್ಷಿಣ ದೇಶದ ಠೇವಣಿದಾರರೆಲ್ಲ ತಲ್ಲಣಗೊಂಡಿದ್ದರು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿಹೋದ ಮೇಲೆ, 1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂದಿತು. ಆಗ ಒಬ್ಬ ಠೇವಣಿದಾರನಿಗೆ ದೊರೆಯುತ್ತಿದ್ದ ರಕ್ಷಣೆ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಅಸಲೂ ಬಡ್ಡಿಯೂ ಸೇರಿ ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ ಇಷ್ಟು. ಇದಕ್ಕೆ ಮೀರಿದ ಹಣಕ್ಕೆ ಬ್ಯಾಂಕಿನ ಬಲವೂ ನಮ್ಮ ಎಚ್ಚರವೂ ಮಾತ್ರವೇ ಕಾವಲು.

ಪ್ರಾಂತೀಯ ಬ್ಯಾಂಕುಗಳ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪಿತವಾದುದು, ಈ ನಾಡಿನ ಹಣ ಈ ನಾಡಿನ ಬೆಳೆಗೂ ಕಸಬಿಗೂ ಒದಗಲೆಂದು. ಅದು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ರ ಏಪ್ರಿಲ್ 1ರಂದು ಅದರಲ್ಲಿಯೇ ಲೀನವಾಯಿತು. ಉಡುಪಿ, ಮಂಗಳೂರು, ಬೆಂಗಳೂರುಗಳಲ್ಲಿ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ವೈಶ್ಯ ಬ್ಯಾಂಕುಗಳೂ ಹೀಗೆಯೇ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದುವು. 1924ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕರ್ಣಾಟಕ ಬ್ಯಾಂಕು ತನ್ನ ಹೆಸರಿನಲ್ಲಿಯೇ ನಡೆದುಬಂದಿದೆ. ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದುಗೂಡಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಹೀಗೆ ಬ್ಯಾಂಕುಗಳು ಒಂದಾದಾಗ ಲೆಕ್ಕದ ಯಂತ್ರಗಳೂ ಒಂದಾಗಬೇಕು. ಅಂಥ ವರ್ಷ ವೆಚ್ಚ ಒಮ್ಮೆಲೇ ಏರುವುದು ಅನಿವಾರ್ಯ. ಐದು ವರ್ಷಗಳ ಲೆಕ್ಕವನ್ನು ಒಟ್ಟಿಗೆ ನೋಡಬೇಕೆಂದು ನಾವು ಹೇಳಿದುದಕ್ಕೆ ಇದೂ ಒಂದು ಕಾರಣ.

ದೇಶದ ತುಂಬ ಹರಡಿದ ಬ್ಯಾಂಕಿಗೆ ಒಂದು ಪ್ರಾಂತದಲ್ಲಿ ಮಳೆ ಬಾರದಿದ್ದರೆ ಇನ್ನೊಂದು ಪ್ರಾಂತ ಆಧಾರವಾಗುತ್ತದೆ. ಒಂದೇ ಸೀಮೆಯ ರೈತರನ್ನೂ ವರ್ತಕರನ್ನೂ ನಂಬಿದ ಬ್ಯಾಂಕಿಗೆ ಆ ಅನುಕೂಲವಿಲ್ಲ. ಬರಗಾಲ ಬಂದರೆ ಅದರ ಸಾಲಗಳೆಲ್ಲ ಒಂದೇ ಸಮಯದಲ್ಲಿ ಬಾಡುತ್ತವೆ. ಅಂಥ ಬ್ಯಾಂಕಿಗೆ ಸ್ವಂತ ಗಳಿಕೆಯಲ್ಲಿ ಉಳಿಸಿದ ಪ್ರತಿಯೊಂದು ರೂಪಾಯಿಯೂ ಕಷ್ಟಕಾಲದ ಧಾನ್ಯವಿದ್ದಂತೆ.

ಹೆಬ್ಬಾಳ ಯಲಹಂಕಗಳ ಕೆರೆಗಳ ಕೆಳಗೆ ಗದ್ದೆಗಳಿದ್ದ ಕಾಲದಲ್ಲಿ, ನಮ್ಮ ಸೀಮೆಯ ಕೆರೆಗಳಿಗೆಲ್ಲ ನೀರಗಂಟಿಯೆಂಬುವನು ಇರುತ್ತಿದ್ದನು. ತೂಬನ್ನು ತೆಗೆಯುವುದು, ಮುಚ್ಚುವುದು, ಗದ್ದೆಗದ್ದೆಗೆ ನೀರು ಹಂಚುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಅಳೆದು ಕೊಡುತ್ತಿದ್ದ ಧಾನ್ಯ ಅವನ ಸಂಪಾದನೆ. ಒಳ್ಳೆಯ ಮಳೆಯಾಗಿ ಕೆರೆ ಕೋಡಿ ಬಿದ್ದ ವರ್ಷ, ನೀರೆಲ್ಲ ತನ್ನದೆಂದು ಅವನು ಎಣಿಸಿಕೊಳ್ಳುತ್ತಿರಲಿಲ್ಲ. ಅವನು ಮನೆ ಕಟ್ಟಿಕೊಂಡರೆ ಅದು ತನ್ನ ಪಾಲಿನ ಧಾನ್ಯದಿಂದ.

ಮುಂದಿನ ವಾರ್ಷಿಕ ವರದಿ ಕೈಗೆ ಬಂದಾಗ, ಮೊದಲ ಪುಟಗಳ ಬಣ್ಣದ ಚಿತ್ರಗಳನ್ನು ದಾಟಿ ಕೊನೆಯ ಪುಟಗಳಿಗೆ ಬನ್ನಿರಿ. ಲಾಭ, ಸವಕಳಿ, ತೆರಿಗೆ, ಸ್ಥಿರಾಸ್ತಿಯ ಖರೀದಿ: ಈ ನಾಲ್ಕು ಅಂಕಿಗಳನ್ನು ಐದು ವರ್ಷಗಳಿಗೆ ಬರೆದುಕೊಳ್ಳಿರಿ. ಅರ್ಧ ಗಂಟೆಯ ಕೆಲಸ. ಬ್ಯಾಂಕು ತನ್ನ ಮನೆಯನ್ನು ತನ್ನ ಪಾಲಿನಿಂದ ಕಟ್ಟುತ್ತಿದೆಯೋ, ಕೆರೆಯ ನೀರನ್ನು ನಂಬಿ ಕಟ್ಟುತ್ತಿದೆಯೋ ಎಂಬುದನ್ನು ಆ ಇಪ್ಪತ್ತು ಅಂಕಿಗಳು ತಾವೇ ಹೇಳುತ್ತವೆ.